ಚಿಪ್ಪು, ಹುಂಜ ಮತ್ತು ಮಂಗಳನ ಮೀಟರ್

2023ರ ಅಕ್ಟೋಬರ್ 12, ಗುರುವಾರ. ಹನ್ನೆರಡಾಗಲು ಇನ್ನೂ ಸ್ವಲ್ಪ ಹೊತ್ತಿತ್ತು. ಬೆಂಗಳೂರಿನ ಒಂದು ದರ್ಶಿನಿಯಲ್ಲಿ ಈ ಅಂಕಣಕಾರ ಗೆಳೆಯನ ಜೊತೆ ಬೈಟು ಕಾಫಿ ಕುಡಿಯುತ್ತಿದ್ದಾಗ ಪಕ್ಕದ ಮೇಜಿನ ಮೇಲಿದ್ದ ಮೊಬೈಲೊಂದು ಕಿಟಾರನೆ ಕಿರುಚಿತು. ಅದು ಯಾರೂ ಕೇಳಿದ್ದ ರಿಂಗ್‌ಟೋನ್ ಅಲ್ಲ. ಆಂಬುಲೆನ್ಸಿಗೂ ಕಾರ್ಖಾನೆಯ ಸೈರನ್ನಿಗೂ ಹುಟ್ಟಿದ ಕೂಸಿನಂತಿತ್ತು. ಮೊಬೈಲಿನ ಒಡೆಯ ಅದನ್ನು ಗಬಕ್ಕನೆ ಹಿಡಿದು, ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ಸುತ್ತ ನೋಡಿದರು. ಅಷ್ಟರಲ್ಲಿ ಇನ್ನೊಂದು ಕಿರುಚಿತು, ಆಮೇಲೆ ಮತ್ತೊಂದು. ಕ್ಯಾಶಿಯರ್‌ನ ಗಲ್ಲಾದೊಳಗಿಂದ ಒಂದು, ತಟ್ಟೆ ಎತ್ತುವ ಹುಡುಗನ ಚಡ್ಡಿ ಜೇಬಿನಿಂದ ಒಂದು.

ಪಾಪ, ಕಷ್ಟ ಬಂದದ್ದು ದೋಸೆ ಭಟ್ಟರಿಗೆ. ಕೈಯೆಲ್ಲ ಹಿಟ್ಟು, ಕಾವಲಿಯ ಮೇಲೆ ಆರು ದೋಸೆ, ಜೇಬಿನಲ್ಲಿ ಅರಚಾಟ. ಮೊಬೈಲ್ ತೆಗೆಯುವಂತಿಲ್ಲ, ಬಿಡುವಂತೆಯೂ ಇಲ್ಲ. ಅವರು ಸೊಂಟವನ್ನು ಒಲೆಯ ಕಟ್ಟೆಗೆ ಒತ್ತಿ ಸದ್ದು ಅಡಗಿಸಲು ನೋಡುವಷ್ಟರಲ್ಲಿ ದೋಸೆಗಳ ಅಂಚು ಕಪ್ಪಾಯಿತು.

'ಯುದ್ಧ ಶುರುವಾಯ್ತಾ?' ಎಂದರು ಒಬ್ಬರು. 'ಇಲ್ಲ ಸಾರ್, ಮತ್ತೆ ಬಂದ್ ಇರ್ಬೇಕು' ಎಂದ ಇನ್ನೊಬ್ಬ. ಕಾವೇರಿ ವಿಚಾರಕ್ಕೆ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಬೆಂಗಳೂರು ಬಂದ್, ಕರ್ನಾಟಕ ಬಂದ್ ಎರಡೂ ಆಗಿ ಮುಗಿದಿದ್ದ ದಿನಗಳವು. ಕೊನೆಗೆ ಕನ್ನಡಕ ಏರಿಸಿಕೊಂಡ ಹಿರಿಯರೊಬ್ಬರು ಪರದೆಯ ಮೇಲಿದ್ದದ್ದನ್ನು ಓದಿದರು. ಇದು ದೂರಸಂಪರ್ಕ ಇಲಾಖೆಯ ಮಾದರಿ ಪರೀಕ್ಷಾ ಸಂದೇಶ, ನೀವೇನೂ ಮಾಡಬೇಕಿಲ್ಲ, ದಯವಿಟ್ಟು ಕಡೆಗಣಿಸಿ ಎಂಬುದು ಅದರ ಸಾರಾಂಶ.

'ಅಲ್ಲ ಸ್ವಾಮಿ,' ಎಂದರು ಅವರು, 'ಕಿವಿಗೆ ಹಾಕ್ಕೋಬೇಡಿ ಅನ್ನೋದಕ್ಕೆ ಇಷ್ಟು ಬಡ್ಕೋಬೇಕಾ?'

ಆ ಪ್ರಶ್ನೆಗೆ ಉತ್ತರ ಇಲ್ಲದಿಲ್ಲ. ಅಂದು ಪರೀಕ್ಷೆಯಾಗಿದ್ದು ಸೆಲ್ ಬ್ರಾಡ್‌ಕಾಸ್ಟ್ ಎಂಬ ವ್ಯವಸ್ಥೆ. ನಾವು ಕಳಿಸುವ ಎಸ್ಸೆಮ್ಮೆಸ್ಸು ಅಂಚೆಯವನ ಹಾಗೆ; ಒಂದೊಂದು ನಂಬರನ್ನೂ ಹುಡುಕಿಕೊಂಡು ಮನೆಮನೆಗೆ ಹೋಗಬೇಕು. ಲಕ್ಷಾಂತರ ಜನರಿಗೆ ಒಟ್ಟಿಗೆ ಕಳಿಸಿದರೆ ದಾರಿಯಲ್ಲೇ ಜಾಮ್ ಆಗುತ್ತದೆ. ಸೆಲ್ ಬ್ರಾಡ್‌ಕಾಸ್ಟ್ ಊರಿನಲ್ಲಿ ಡಂಗುರ ಸಾರಿದ ಹಾಗೆ. ಟವರ್ ಒಂದೇ ಸಲ ಕೂಗುತ್ತದೆ, ಅದರ ವ್ಯಾಪ್ತಿಯಲ್ಲಿರುವ ಮೊಬೈಲುಗಳೆಲ್ಲ ಕೇಳಿಸಿಕೊಳ್ಳುತ್ತವೆ. ಯಾರ ನಂಬರೂ ಬೇಕಿಲ್ಲ. ಕೇಳಿಸಿಕೊಂಡವರು ಯಾರು ಎಂದು ಟವರಿಗೂ ಗೊತ್ತಾಗುವುದಿಲ್ಲ. ನೆರೆ, ಸುನಾಮಿ, ಭೂಕಂಪದಂಥ ಹೊತ್ತಿನಲ್ಲಿ ಒಂದು ತಾಲ್ಲೂಕಿಗೋ ಒಂದು ಕರಾವಳಿ ಪಟ್ಟಿಗೋ ಸೆಕೆಂಡುಗಳಲ್ಲಿ ಸುದ್ದಿ ಮುಟ್ಟಿಸಲು ಇದಕ್ಕಿಂತ ಒಳ್ಳೆಯ ದಾರಿ ಸದ್ಯಕ್ಕಿಲ್ಲ. ಸೈಲೆಂಟ್‌ನಲ್ಲಿದ್ದರೂ ಅರಚುವಂತೆ ಮಾಡಿರುವುದು ಬೇಕೆಂದೇ. ರಾತ್ರಿ ಎರಡು ಗಂಟೆಗೆ ಹೊಳೆ ಉಕ್ಕಿದರೆ ಮೆಲ್ಲಗೆ ವೈಬ್ರೇಟ್ ಆಗಿ ಎಬ್ಬಿಸಿದರೆ ಸಾಲದಲ್ಲ. ಪರೀಕ್ಷೆಯ ವಿಷಯ ಪತ್ರಿಕೆಗಳಲ್ಲಿ ಮೊದಲೇ ಬಂದಿತ್ತು. ದೋಸೆ ಕಾವಲಿಯ ಮುಂದೆ ನಿಂತವರು ಅದನ್ನು ಓದಿರಬೇಕೆಂದು ಬಯಸುವುದು ಮಾತ್ರ ಅನ್ಯಾಯ.

ದರ್ಶಿನಿಯಿಂದ ಹೊರಬರುವ ಮೊದಲೇ ಅಂಕಣಕಾರನ ಮೊಬೈಲ್ ಮತ್ತೆ ಬಡಿದುಕೊಂಡಿತು. ಈ ಸಲ ಅದು ನಿಜವಾದ ಕರೆ. ಮದ್ದೂರು ಕಡೆಯ ಹಳ್ಳಿಯಿಂದ ಸೋದರತ್ತೆ. 'ಏನ್ಲಾ ಮಗ ಇದು? ಫೋನು ಸಿಡಿದೋಯ್ತದೆ ಅಂತ ರಾಗಿ ಮೂಟೆ ಮ್ಯಾಕೆ ಎಸ್ದುಬುಟ್ಟೆ!' ಇಂಥದ್ದು ಎಂದು ವಿವರಿಸಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸ್ಕೈಲ್ಯಾಬ್ ಬಿದ್ದಾಗ್ಲೂವೆ ಇಷ್ಟೊಂದು ಗಲಾಟೆ ಆಗಿರ್ನಿಲ್ಲ ಬುಡು' ಎಂದರು.

ಓದುಗರು ಆಗಾಗ ಕೇಳುವ ಪ್ರಶ್ನೆ ಒಂದಿದೆ. ವಿಜ್ಞಾನದ ಸುದ್ದಿ ಬಂದಾಗಲೆಲ್ಲ ನಮ್ಮ ಜನ ಅದನ್ನು ನಗೆಚಾಟಿಕೆ ಮಾಡುತ್ತಾರೆ, ಇಲ್ಲವೇ ಹೆದರಿ ಕೂರುತ್ತಾರೆ, ಅರ್ಥ ಮಾಡಿಕೊಳ್ಳುವುದು ಯಾವಾಗ ಎಂದು. ಕೇಳುವವರು ಸಾಮಾನ್ಯವಾಗಿ ನಾಲ್ಕಕ್ಷರ ಓದಿದವರು, ಸ್ವಲ್ಪ ಬೇಸರದಲ್ಲೇ ಕೇಳುತ್ತಾರೆ. ಈ ಅಂಕಣಕಾರನಿಗೆ ಆ ಬೇಸರ ಅಷ್ಟಾಗಿ ಒಪ್ಪಿಗೆಯಿಲ್ಲ. ನಗುತ್ತ, ಹೆದರುತ್ತಲೇ ಜನ ಅರ್ಥವನ್ನೂ ಮಾಡಿಕೊಳ್ಳುತ್ತಾರೆ; ಅವನ ಮಟ್ಟಿಗೆ ಸೋದರತ್ತೆಯೇ ಇದಕ್ಕೆ ಸಾಕ್ಷಿ.

ಸ್ಕೈಲ್ಯಾಬ್ ಅಮೆರಿಕದ ಮೊದಲ ಬಾಹ್ಯಾಕಾಶ ನಿಲ್ದಾಣ. 1973ರ ಮೇ 14ರಂದು ಹಾರಿಬಿಟ್ಟದ್ದು, ತೂಕ ಸುಮಾರು 77 ಟನ್. ಮೂರು ತಂಡಗಳು ಹೋಗಿ ಇದ್ದು ಬಂದವು, ಕೊನೆಯ ತಂಡ ಅಲ್ಲಿ 84 ದಿನ ಕಳೆಯಿತು. 1974ರ ಫೆಬ್ರುವರಿಯಿಂದ ಅದು ಖಾಲಿ ಮನೆ. ಮುಂದೆ ಸ್ಪೇಸ್ ಶಟಲ್ ತಯಾರಾದ ಮೇಲೆ ಅದನ್ನು ಇನ್ನಷ್ಟು ಮೇಲಕ್ಕೆ ತಳ್ಳಿದರಾಯಿತು ಎಂದುಕೊಂಡಿದ್ದರು. ಶಟಲ್ ಹಾರುವ ಹೊತ್ತಿಗೆ 1981 ಆಯಿತು. ಈ ನಡುವೆ ಸೂರ್ಯನ ಚಟುವಟಿಕೆ ಜೋರಾಗಿ ವಾತಾವರಣದ ಮೇಲ್ಪದರ ಕಾದು, ಬಿಸಿ ಎಣ್ಣೆಗೆ ಬಿದ್ದ ಪೂರಿಯ ಹಾಗೆ ಉಬ್ಬಿತು. ಅಷ್ಟು ಎತ್ತರದಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ತೆಳುವಾಗಿದ್ದ ಗಾಳಿ ಸ್ವಲ್ಪ ದಟ್ಟವಾಗಿ ಸ್ಕೈಲ್ಯಾಬನ್ನು ಉಜ್ಜತೊಡಗಿತು, ವೇಗ ಕಳೆದುಕೊಂಡ ನಿಲ್ದಾಣ ಕೆಳಗಿಳಿಯತೊಡಗಿತು. 1979ರ ಜುಲೈಯಲ್ಲಿ ಬೀಳುವುದು ಖಾತ್ರಿಯಾಯಿತು. ಎಲ್ಲಿ ಎಂಬುದು ಮಾತ್ರ ಖಾತ್ರಿಯಿರಲಿಲ್ಲ. ಅದರ ಕಕ್ಷೆ ಉತ್ತರ, ದಕ್ಷಿಣ ಎರಡೂ ಕಡೆ 50 ಡಿಗ್ರಿ ಅಕ್ಷಾಂಶದವರೆಗೆ ಹಬ್ಬಿತ್ತು. ಭಾರತವಿಡೀ ಅದರ ಕೆಳಗೇ ಇತ್ತು, ಮದ್ದೂರೂ ಸೇರಿ.

ಸೋದರತ್ತೆಗೆ ಆಗಷ್ಟೇ ಮದುವೆಯಾಗಿತ್ತು. ಅದು ಆಷಾಢ. ಹೊಸ ಮದುವಣಗಿತ್ತಿ ಅತ್ತೆಮನೆಯಲ್ಲಿ ಇರಬಾರದೆಂದು ಅವರು ತವರಿಗೆ ಬಂದಿದ್ದರು. ಗಂಡ ಆ ಕಡೆ ತಲೆಹಾಕಿ ಮಲಗುವಂತೆಯೂ ಇರಲಿಲ್ಲ. ರೇಡಿಯೊದ ಪ್ರದೇಶ ಸಮಾಚಾರ, ಪತ್ರಿಕೆಯ ಸುದ್ದಿ, ಅಂಗಡಿ ಜಗುಲಿಯ ವ್ಯಾಖ್ಯಾನ ಎಲ್ಲ ಕಲೆತು ಊರಿಗೆ ತಲುಪುವ ಹೊತ್ತಿಗೆ ಸ್ಕೈಲ್ಯಾಬ್ ನೇರವಾಗಿ ಊರ ಮಾರಿಗುಡಿಯ ಮೇಲೆ ಬೀಳುವುದೆಂದು ತೀರ್ಮಾನವಾಗಿತ್ತು. ಕೆಲವರು ದನಗಳನ್ನು ಕಣದಿಂದ ಕೊಟ್ಟಿಗೆಗೆ ಹೊಡೆದರು. ಹೆಂಚಿನ ಸೂರು 77 ಟನ್ ತಡೆಯುತ್ತದೆಂಬ ಧೈರ್ಯ. ಸಾಲ ಕೊಟ್ಟವರು ವಸೂಲಿಗೆ ಓಡಾಡಿದರು, ಸಾಲ ತಂದವರು ಹನ್ನೆರಡನೇ ತಾರೀಕು ಕೊಡುತ್ತೇವೆಂದರು. ಅತ್ತೆಯ ಗಂಡ ಆಷಾಢವನ್ನು ಗಾಳಿಗೆ ತೂರಿ, ಕ್ಯಾರಿಯರ್‌ಗೆ ಟ್ರಾನ್ಸಿಸ್ಟರ್ ಕಟ್ಟಿಕೊಂಡು ಸೈಕಲ್ ತುಳಿದುಕೊಂಡು ಬಂದೇಬಿಟ್ಟರು. ಪ್ರಳಯಕ್ಕೆ ಮುಂಚೆ ಹೆಂಡತಿಯ ಮುಖ ನೋಡಲು ಬಂದ ಅಳಿಯನನ್ನು ಯಾವ ಮಾವ ತಾನೇ ಬಾಗಿಲಿನಿಂದ ಅಟ್ಟುತ್ತಾನೆ? ಊರಹಬ್ಬಕ್ಕೆಂದು ಸಾಕಿದ್ದ ಹುಂಜವನ್ನು ಅವತ್ತೇ ಕೂಯ್ದು ಸಾರು ಮಾಡಿ, ಮುದ್ದೆ ಕಟ್ಟಿ, ಎಲ್ಲರೂ ಅಂಗಳದಲ್ಲಿ ಕೂತು ಆಕಾಶ ನೋಡುತ್ತ ಉಂಡರು. ಅತ್ತೆ ಇದನ್ನು ಹೇಳುವಾಗ ಭಯದ ಸುಳಿವೇ ಇರುವುದಿಲ್ಲ. ಹುಂಜದ ರುಚಿಯದೇ ವರ್ಣನೆ.

ನಮ್ಮ ಭಾರತದ ಸಮಯಕ್ಕೆ ಜುಲೈ 11ರ ರಾತ್ರಿ ಹತ್ತು ದಾಟುತ್ತಿದ್ದಂತೆ ಸ್ಕೈಲ್ಯಾಬ್ ಚೂರುಚೂರಾಗಿ ಹಿಂದೂ ಮಹಾಸಾಗರಕ್ಕೂ ಪಶ್ಚಿಮ ಆಸ್ಟ್ರೇಲಿಯಾದ ಎಸ್ಪೆರೆನ್ಸ್ ಎಂಬ ಪಟ್ಟಣದ ಸುತ್ತಮುತ್ತಲೂ ಬಿತ್ತು. ಯಾರಿಗೂ ಗಾಯವಾಗಲಿಲ್ಲ. ನಾಸಾ ಮೊದಲೇ ಒಂದು ಲೆಕ್ಕ ಕೊಟ್ಟಿತ್ತು. ಚೂರು ಯಾರಾದರೊಬ್ಬ ಮನುಷ್ಯನಿಗೆ ತಗಲುವ ಸಂಭವ 152ಕ್ಕೆ ಒಂದು ಎಂದು. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಅದು ಭೂಮಿಯ ಮೇಲಿನ 400 ಕೋಟಿ ಜನರಲ್ಲಿ 'ಯಾರಾದರೊಬ್ಬರಿಗೆ' ಎಂಬ ಲೆಕ್ಕ. 'ನನಗೇ' ತಗಲುವ ಸಂಭವ ಬೇಕೆಂದರೆ 152ನ್ನು 400 ಕೋಟಿಯಿಂದ ಗುಣಿಸಬೇಕು. ಸುಮಾರು 60,000 ಕೋಟಿಗೆ ಒಂದು. ಈ ಎರಡು ಲೆಕ್ಕಗಳ ನಡುವಿನ ಕಂದಕದಲ್ಲೇ ಪ್ರಪಂಚದ ಹೆದರಿಕೆಯ ಸುದ್ದಿಗಳೆಲ್ಲ ಮನೆ ಕಟ್ಟಿಕೊಂಡಿವೆ. ಹುಂಜ ಸತ್ತದ್ದು ಮೊದಲ ಲೆಕ್ಕಕ್ಕೆ. ಎರಡನೆಯದನ್ನು ಊರಿಗೆ ಯಾರೂ ಹೇಳಲೇ ಇಲ್ಲ.

ಮಂಡ್ಯ ಸೀಮೆಯವರು ಮಾತ್ರ ಹೀಗೆ ಎಂದುಕೊಳ್ಳಬೇಡಿ. ಮೊದಲ ಚೂರು ತಂದುಕೊಟ್ಟವರಿಗೆ 10,000 ಡಾಲರ್ ಬಹುಮಾನ ಎಂದು ಅಮೆರಿಕದ ಒಂದು ಪತ್ರಿಕೆ ಸಾರಿತ್ತು. ಎಸ್ಪೆರೆನ್ಸಿನ 17 ವರ್ಷದ ಹುಡುಗ ತನ್ನ ಮನೆಯ ಬಳಿ ಬಿದ್ದಿದ್ದ ಚೂರುಗಳನ್ನು ಎತ್ತಿಕೊಂಡು ವಿಮಾನ ಹತ್ತಿ ಸ್ಯಾನ್ ಫ್ರಾನ್ಸಿಸ್ಕೊ ಮುಟ್ಟಿ ಅದನ್ನು ಗೆದ್ದ. ಎಸ್ಪೆರೆನ್ಸಿನ ಸ್ಥಳೀಯ ಆಡಳಿತ, ಊರಲ್ಲಿ ಕಸ ಹಾಕಿದ್ದಕ್ಕೆ ನಾಸಾಗೆ 400 ಡಾಲರ್ ದಂಡದ ಚೀಟಿ ಹರಿಯಿತು. ನಾಸಾ ಕಟ್ಟಲಿಲ್ಲ. 2009ರಲ್ಲಿ ಅಮೆರಿಕದ ರೇಡಿಯೊ ನಿರೂಪಕನೊಬ್ಬ ತನ್ನ ಕೇಳುಗರಿಂದ ಚಂದಾ ಎತ್ತಿ ಆ ಬಾಕಿ ತೀರಿಸಿದ. ಫಿಲಿಪ್ಪೀನ್ಸಿನ ಮಿಂಡನಾವೊದಲ್ಲಿ ಮೋಟಾರ್‌ಸೈಕಲಿಗೆ ಅಡ್ಡ ಹಲಗೆ ಕಟ್ಟಿ ಎರಡೂ ಬದಿ ಜನರನ್ನು ಕೂರಿಸುವ ಬಾಡಿಗೆ ಗಾಡಿಗೆ ಇವತ್ತಿಗೂ ಸ್ಕೈಲ್ಯಾಬ್ ಎಂದೇ ಹೆಸರು.

ಅತ್ತೆಯ ಗಂಡನ ಆ ಟ್ರಾನ್ಸಿಸ್ಟರಿಗೆ ಮುಂದೆ ಇನ್ನೊಂದು ಪಾತ್ರವಿದೆ. ಸೆಲ್ಲು ಇಳಿದು ದನಿ ಕ್ಷೀಣವಾದಾಗ ಹೊಸ ಸೆಲ್ಲಿಗೆ ದುಡ್ಡು ಹಾಕಲು ಮನಸ್ಸಿಲ್ಲದೆ ಹಳೆಯವನ್ನೇ ಬಿಸಿಲಿಗಿಟ್ಟು ಇನ್ನೆರಡು ದಿನ ದೂಡುವುದು ಆ ಕಾಲದ ಮನೆಗಳಲ್ಲೆಲ್ಲ ಇದ್ದ ಪದ್ಧತಿ. ಸಂಡಿಗೆಯ ಪಕ್ಕದಲ್ಲಿ ನಾಲ್ಕು ಸೆಲ್ಲು. ಕಾವಿಗೆ ಒಳಗಿನ ರಾಸಾಯನಿಕ ಕ್ರಿಯೆ ಸ್ವಲ್ಪ ಚುರುಕಾಗುತ್ತಿತ್ತು, ಅಷ್ಟೇ. ಸಂಡಿಗೆ ಕಾಯುವ ಅತ್ತೆಯೇ ಸೆಲ್ಲುಗಳನ್ನೂ ಕಾಯುತ್ತಿದ್ದರು.

ಈಗ 2016ಕ್ಕೆ ಬರೋಣ. ನವೆಂಬರ್ 8ರ ರಾತ್ರಿ 500, 1,000 ರೂಪಾಯಿಯ ಹಳೆ ನೋಟುಗಳು ರದ್ದಾದವು, ಎರಡು ಸಾವಿರದ ಹೊಸ ನೋಟು ಬರಲಿದೆ ಎಂಬ ಸುದ್ದಿ ಬಂತು. ಅದರ ಬೆನ್ನಿಗೇ ಆ ನೋಟಿನಲ್ಲಿ ನ್ಯಾನೋ ಜಿಪಿಎಸ್ ಚಿಪ್ ಇದೆ, ನೆಲದಡಿ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ಗೊತ್ತಾಗುತ್ತದೆ ಎಂಬ ಮಾತು ವಾಟ್ಸಾಪಿನಲ್ಲಿ ಹಬ್ಬಿತು. ಕೆಲವು ಟೀವಿ ವಾಹಿನಿಗಳು ಅದಕ್ಕೆ ಗ್ರಾಫಿಕ್ಸ್ ಕೂಡ ಮಾಡಿಸಿದವು. ಗಂಡನಿಗೆ ಗೊತ್ತಿಲ್ಲದಂತೆ ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟ ಹಣವನ್ನೂ ಬ್ಯಾಂಕಿನ ಮುಂದೆ ಬಯಲು ಮಾಡಬೇಕಾಗಿ ಬಂದಿದ್ದ ಹೆಂಗಸರು, ಇನ್ನು ಮುಂದೆ ಡಬ್ಬಿಯೂ ಉಳಿಯುವುದಿಲ್ಲವಲ್ಲ ಎಂದು ನಿಟ್ಟುಸಿರು ಬಿಟ್ಟರು. ನೋಟಿನಲ್ಲಿ ಚಿಪ್ ಇದೆಯೋ ಇಲ್ಲವೋ, ಕ್ಯೂ ನಿಂತವರ ಕೈಗೆ ಚಿಪ್ಪು ಬಂದದ್ದು ನಿಜ ಎಂದು ನಕ್ಕವರೂ ಇದ್ದರು.

ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: 'ಅದ್ಕೆ ಸೆಲ್ಲು ಎಲ್ಲಿ ಆಕವ್ರೆ?'

ಎಂಜಿನಿಯರಿಂಗ್ ಓದಿದವರೂ ಆ ವಾರ ಇದನ್ನು ಕೇಳಿಕೊಳ್ಳದೆ ಸಂದೇಶವನ್ನು ಮುಂದಕ್ಕೆ ದೂಡಿದ್ದರು. ಜಿಪಿಎಸ್ ಚಿಪ್ಪೆಂಬುದು ಮೂಲತಃ ಒಂದು ರೇಡಿಯೊ. ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸಮಯ ಹೇಳುತ್ತ ಹೋಗುತ್ತವೆ. ಕೆಳಗಿನ ಚಿಪ್ ನಾಲ್ಕಾರು ಉಪಗ್ರಹಗಳ ಮಾತು ಕೇಳಿಸಿಕೊಂಡು, ಯಾವುದು ಎಷ್ಟು ತಡವಾಗಿ ಮುಟ್ಟಿತು ಎಂಬುದರಿಂದ ತಾನೆಲ್ಲಿದ್ದೇನೆಂದು ಲೆಕ್ಕ ಹಾಕುತ್ತದೆ. ಅದು ಕೇಳುತ್ತದೆಯೇ ಹೊರತು ಮಾತಾಡುವುದಿಲ್ಲ. ನೀವು ರೇಡಿಯೊ ಹಚ್ಚಿದರೆ ಆಕಾಶವಾಣಿಯವರಿಗೆ ನಿಮ್ಮ ಮನೆ ವಿಳಾಸ ಗೊತ್ತಾಗದಲ್ಲ, ಹಾಗೆ. ತಾನಿರುವ ಜಾಗವನ್ನು ಬೇರೆಯವರಿಗೆ ತಿಳಿಸಬೇಕೆಂದರೆ ಪ್ರತ್ಯೇಕ ಪ್ರೇಷಕ ಬೇಕು, ಅದಕ್ಕೆ ಆಂಟೆನಾ ಬೇಕು, ಎರಡಕ್ಕೂ ಸೆಲ್ಲು ಬೇಕು. ಉಪಗ್ರಹದ ಸಂಕೇತ ಎಷ್ಟು ದುರ್ಬಲವೆಂದರೆ ಆರ್‌ಸಿಸಿ ತಾರಸಿಯ ಕೆಳಗೇ ತಡವರಿಸುತ್ತದೆ. ಇನ್ನು 120 ಮೀಟರ್ ಮಣ್ಣಿನ ಮಾತು ಬಿಡಿ. ರಿಸರ್ವ್ ಬ್ಯಾಂಕ್ ಚಿಪ್ಪಿನ ಮಾತನ್ನು ಅಲ್ಲಗಳೆಯಿತು. 2023ರ ಮೇ 19ರಂದು ಆ ನೋಟುಗಳನ್ನೇ ಚಲಾವಣೆಯಿಂದ ಹಿಂತೆಗೆದುಕೊಳ್ಳುವುದಾಗಿ ಪ್ರಕಟಿಸಿತು. ಜನ ಅವನ್ನು ಎಣಿಸಿ ಬ್ಯಾಂಕಿಗೆ ಕೊಟ್ಟರು, ಉಪಗ್ರಹ ಹುಡುಕಿಕೊಡಲಿಲ್ಲ.

ಸೆಲ್ಲಿನಷ್ಟೇ ಒಳ್ಳೆಯ ಅಳತೆಗೋಲು ನಮ್ಮ ಆಟೋ ಮೀಟರ್. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಮಂಗಳನ ಕಕ್ಷೆ ಸೇರಿತು. ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ರೇಷ್ಮೆ ಸೀರೆ ಉಟ್ಟು ಹೂ ಮುಡಿದ ಮಹಿಳೆಯರು ನಗುತ್ತಿದ್ದ ಚಿತ್ರ ಜಗತ್ತಿನಾದ್ಯಂತ ಓಡಾಡಿತು. ಖರ್ಚು 450 ಕೋಟಿ ರೂಪಾಯಿ, ದಾರಿ ಸುಮಾರು 65 ಕೋಟಿ ಕಿಲೋಮೀಟರ್. ನಾಲ್ಕೇ ದಿನಗಳಲ್ಲಿ ಪ್ರಧಾನಿ ನರೇಂದ್ರ ಮೋದಿ ನ್ಯೂಯಾರ್ಕಿನ ಸಭೆಯಲ್ಲಿ, ಅಹಮದಾಬಾದಿನ ಆಟೋಗೆ ಕಿಲೋಮೀಟರಿಗೆ ಹತ್ತು ರೂಪಾಯಿ, ನಾವು ಮಂಗಳಕ್ಕೆ ಏಳು ರೂಪಾಯಿಯಲ್ಲಿ ಹೋದೆವು ಎಂದರು. ಆಗ ಬೆಂಗಳೂರಿನ ಆಟೋ ದರ ಕಿಲೋಮೀಟರಿಗೆ 13 ರೂಪಾಯಿ. ಮರುದಿನದಿಂದ ಮೀಟರ್ ಮೇಲೆ ಇಪ್ಪತ್ತು ಕೇಳಿದ ಚಾಲಕರಿಗೆಲ್ಲ ಮಂಗಳಯಾನದ ಲೆಕ್ಕ ಒಪ್ಪಿಸುವುದು ಪ್ರಯಾಣಿಕರಿಗೆ ಚಟವಾಯಿತು. ಈ ಅಂಕಣಕಾರನೂ ಒಮ್ಮೆ ಆ ತಪ್ಪು ಮಾಡಿದ. ಚಾಲಕರು ತಿರುಗಿಯೂ ನೋಡದೆ, 'ಆ ಗಾಡಿ ವಾಪಸ್ ಖಾಲಿ ಬರ್ಬೇಕಾಗಿಲ್ವಲ್ಲ ಸಾರ್' ಎಂದರು.

ಮಾತು ಸರಿಯಾಗಿಯೇ ಇತ್ತು. ಮಂಗಳಯಾನ ಹೋದದ್ದು ಒನ್‌ವೇ. ಅದೂ ಅಲ್ಲದೆ ಕಿಲೋಮೀಟರಿನ ಲೆಕ್ಕ ಅಂತರಿಕ್ಷದಲ್ಲಿ ನಡೆಯುವುದೇ ಇಲ್ಲ. ಆಟೋ ಹೆಜ್ಜೆ ಹೆಜ್ಜೆಗೂ ಗ್ಯಾಸ್ ಸುಡುತ್ತದೆ. ನೌಕೆ ಹೊರಡುವಾಗ 1,337 ಕಿಲೋ ತೂಗುತ್ತಿತ್ತು, ಅದರಲ್ಲಿ 852 ಕಿಲೋ ಇಂಧನವೇ. ಅದರ ಬಹುಪಾಲು ಭೂಮಿಯ ಹಿಡಿತದಿಂದ ಬಿಡಿಸಿಕೊಳ್ಳುವುದಕ್ಕೇ ಮುಗಿಯಿತು. ಆಮೇಲೆ ಸುಮಾರು 300 ದಿನ ಮುಖ್ಯ ಎಂಜಿನ್ ಬಂದ್. ಇಳಿಜಾರು ಬಂದಾಗ ನಮ್ಮ ಚಾಲಕರು ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡುತ್ತಾರಲ್ಲ, ಅದೇ ಉಪಾಯ. ತಡೆಯಲು ಗಾಳಿಯಿಲ್ಲ, ರಸ್ತೆ ಉಬ್ಬಿಲ್ಲ. ಅಷ್ಟು ದಿನ ಮಲಗಿದ್ದ ಎಂಜಿನ್ ಕೊನೆಯಲ್ಲಿ ಎದ್ದು 24 ನಿಮಿಷ ಉರಿಯಲೇಬೇಕಿತ್ತು, ವೇಗ ಹೆಚ್ಚಿಸುವುದಕ್ಕಲ್ಲ, ಬ್ರೇಕ್ ಹಾಕುವುದಕ್ಕೆ. ಅದು ಏಳದಿದ್ದರೆ ನೌಕೆ ಮಂಗಳನನ್ನು ದಾಟಿ ಎಲ್ಲೋ ಹೋಗಿಬಿಡುತ್ತಿತ್ತು. ಇಸ್ರೋದವರ ಎದೆ ಡವಗುಟ್ಟಿದ್ದು 65 ಕೋಟಿ ಕಿಲೋಮೀಟರಿಗಲ್ಲ, ಆ 24 ನಿಮಿಷಕ್ಕೆ. ಇನ್ನೊಂದು ತಲೆಹರಟೆ: ನೌಕೆ ಭೂಮಿ ಬಿಟ್ಟು ಮಂಗಳನ ದಾರಿ ಹಿಡಿದದ್ದು 2013ರ ಡಿಸೆಂಬರ್ 1ರ ನಡುರಾತ್ರಿ, 12.49ಕ್ಕೆ. ನಮ್ಮೂರ ಆಟೋ ನಿಯಮದ ಪ್ರಕಾರ ಅದು ಮೀಟರಿನ ಒನ್ ಅಂಡ್ ಹಾಫ್ ಕೊಡಬೇಕಾದ ಹೊತ್ತು.

ನಗೆಯಿಂದ ಕೆಲಸವೂ ಆದ ಒಂದು ಪ್ರಸಂಗ ಬೆಂಗಳೂರಿನಲ್ಲೇ ಇದೆ. ಚಂದ್ರಯಾನ-2ರ ಲ್ಯಾಂಡರ್ ವಿಕ್ರಮ್ ಇನ್ನೇನು ಚಂದ್ರನ ಮೇಲೆ ಇಳಿಯಲಿದೆ ಎಂದು ದೇಶ ಕಾಯುತ್ತಿದ್ದ 2019ರ ಸೆಪ್ಟೆಂಬರ್ ಮೊದಲ ದಿನಗಳು. ಕಲಾವಿದ ಬಾದಲ್ ನಂಜುಂಡಸ್ವಾಮಿ ಒಂದು ವಿಡಿಯೊ ಹರಿಬಿಟ್ಟರು. ಬೆಳ್ಳಿ ಬಣ್ಣದ ಗಗನಯಾತ್ರಿ ಉಡುಪಿನವನೊಬ್ಬ ಕುಳಿಗಳ ನಡುವೆ ತೇಲುವಂತೆ ನಿಧಾನಕ್ಕೆ ಹೆಜ್ಜೆ ಇಡುತ್ತಾನೆ. ಅಷ್ಟರಲ್ಲಿ ಪಕ್ಕದಲ್ಲಿ ಒಂದು ಆಟೋ ಹಾದುಹೋಗುತ್ತದೆ. ಅದು ಚಂದ್ರನಲ್ಲ, ಮಾಗಡಿ ರಸ್ತೆ ಕಡೆಯ ಹೇರೋಹಳ್ಳಿಯ ತುಂಗಾನಗರ. 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಗೆ ಮೊಸಳೆ ಬಿಟ್ಟವರೂ ಇದೇ ಬಾದಲ್.

ಆ ವಿಡಿಯೊದಲ್ಲಿ ವಿಜ್ಞಾನವೂ ಚೆನ್ನಾಗಿತ್ತು ಎಂಬುದನ್ನು ನಕ್ಕವರಲ್ಲಿ ಎಷ್ಟು ಜನ ಗಮನಿಸಿದರೋ. ಚಂದ್ರನಲ್ಲಿ ಗುರುತ್ವ ಇಲ್ಲಿಯ ಆರನೇ ಒಂದು ಪಾಲು, ಅದಕ್ಕೇ ಆ ತೇಲುವ ನಡಿಗೆ. ಗಾಳಿಯಿಲ್ಲದ್ದರಿಂದ ಅಲ್ಲಿ ಹಗಲಿನಲ್ಲೂ ಆಕಾಶ ಕಪ್ಪು, ಬೆಳಕು ಒಂದೇ ಕಡೆಯಿಂದ, ನೆರಳು ಕತ್ತರಿಸಿಟ್ಟಂತೆ. ರಾತ್ರಿ ಹೊತ್ತು ದೀಪ ಬಿಟ್ಟು ಚಿತ್ರೀಕರಿಸಿದ್ದರಿಂದ ಅದೆಲ್ಲ ತಾನಾಗಿ ಕೂಡಿಬಂತು. ವ್ಯತ್ಯಾಸ ಒಂದೇ. ಚಂದ್ರನ ಕುಳಿಗಳು ಮಳೆಗಾಳಿಯ ಕಾಟವಿಲ್ಲದೆ ಕೋಟ್ಯಂತರ ವರ್ಷ ಹಾಗೇ ಉಳಿಯುತ್ತವೆ. ತುಂಗಾನಗರದ ಕುಳಿಗಳಿಗೆ ಪಾಲಿಕೆಯವರು ಮರುದಿನವೇ ಜಲ್ಲಿ ಸುರಿದರು. ಸೆಪ್ಟೆಂಬರ್ 7ರ ನಸುಕಿನಲ್ಲಿ ವಿಕ್ರಮ್ ಚಂದ್ರನಿಂದ 2.1 ಕಿಲೋಮೀಟರ್ ಎತ್ತರದವರೆಗೆ ಸರಿಯಾಗಿಯೇ ಇಳಿದು ಆಮೇಲೆ ಸಂಪರ್ಕ ಕಳೆದುಕೊಂಡಿತು. ಆ ವಾರ ಬೆಂಗಳೂರಿನ ಚಂದ್ರನ ಮೇಲೆ ಸುಸೂತ್ರವಾಗಿ ನಡೆದಾಡಿ ಬಂದವನು ತುಂಗಾನಗರದ ಯಾತ್ರಿ ಒಬ್ಬನೇ. ನಾಲ್ಕು ವರ್ಷ ಬಿಟ್ಟು 2023ರ ಆಗಸ್ಟ್ 23ರ ಸಂಜೆ 6.04ಕ್ಕೆ ಚಂದ್ರಯಾನ-3 ಇಳಿದದ್ದನ್ನು ಅತ್ತೆ ಟೀವಿ ಮುಂದೆ ಕೂತು ಪೂರ್ತಿ ನೋಡಿದರು. ಇಳಿದ ಮೇಲೆ ಅವರು ಕೇಳಿದ್ದು, ಅಲ್ಲಿ ರಾತ್ರಿಯಾದರೆ ಬಿಸಿಲಿಲ್ಲದೆ ಸೆಲ್ಲು ಏನಾಗುತ್ತದೆ ಎಂದು. ಚಂದ್ರನ ಒಂದು ರಾತ್ರಿ ನಮ್ಮ 14 ದಿನಗಳಷ್ಟು ಉದ್ದ. ಆ ಕಡುಚಳಿಯ ರಾತ್ರಿ ಮುಗಿದ ಮೇಲೆ ಅದೇ ಹೆಸರಿನ ಹೊಸ ಲ್ಯಾಂಡರ್ ವಿಕ್ರಮ್, ಅದರ ರೋವರ್ ಪ್ರಗ್ಯಾನ್ ಎರಡೂ ಏಳಲೇ ಇಲ್ಲ.

ಆ ಅಕ್ಟೋಬರಿನ ಗುರುವಾರ ರಾಗಿ ಮೂಟೆಯ ಮೇಲೆ ಬಿದ್ದಿದ್ದ ಫೋನಿಗೆ ಏನೂ ಆಗಿರಲಿಲ್ಲ. ವಾರದ ಕೊನೆಗೆ ಊರಿಗೆ ಹೋದ ಅಂಕಣಕಾರ, ಅದರ ಸೆಟ್ಟಿಂಗ್ಸ್ ತೆರೆದು ತುರ್ತು ಎಚ್ಚರಿಕೆಗಳ ಪಟ್ಟಿಯನ್ನು ತೋರಿಸಿ, ಹೆದರಿಕೆಯಾಗುವುದಾದರೆ ಆಫ್ ಮಾಡಿಬಿಡಲೇ ಎಂದು ಕೇಳಿದ. ಅತ್ತೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಅಂಗಳದಲ್ಲಿ ಒಂದು ಕೆಂಪು ಹುಂಜ ಕಾಲು ಕೆದರುತ್ತಿತ್ತು.

'ಬ್ಯಾಡ, ಇರ್ಲಿ ಬುಡು,' ಎಂದರು ಅವರು, 'ಸಾರು ಮಾಡೋಕಾದ್ರೂ ಹೊತ್ತು ಸಿಕ್ಕದೆ.'